ನೀರು ಹತ್ತದ ಊರೇ ಬದಲಾಯಿತು!

ಮಂಡ್ಯ, ಮೈಸೂರು ಸೀಮೆಯ ಯಾವುದಾದರೂ ಮದುವೆ ಚಪ್ಪರಕ್ಕೆ ಹೋಗಿ. ಓಲಗ, ಧಾರೆ, ಊಟದ ಪಂಕ್ತಿ ಎಲ್ಲ ಒಂದು ಕಡೆ ಇರಲಿ. ಮೂಲೆಯಲ್ಲಿ ಮೇಜು ಹಾಕಿಕೊಂಡು, ಅಂಚಿಗೆ ಅರಿಸಿನ ಕುಂಕುಮ ಹಚ್ಚಿದ ನೋಟ್‌ಬುಕ್ ಮುಂದಿಟ್ಟುಕೊಂಡು ಒಬ್ಬರು ಕೂತಿರುತ್ತಾರಲ್ಲ, ಅವರ ಪಕ್ಕ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಊರು, ಹೆಸರು, ಮೊತ್ತ. ಊರು, ಹೆಸರು, ಮೊತ್ತ. 101, 501, 1001. ಮುಯ್ಯಿ ಓದಿಸುವವರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇರುತ್ತಾರೆ, ಬರೆಯುವವರು ತಲೆ ಎತ್ತದೆ ಬರೆಯುತ್ತಲೇ ಇರುತ್ತಾರೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕು ಸೇರುತ್ತದೆ. ಐದು ವರ್ಷವೋ ಹತ್ತು ವರ್ಷವೋ ಕಳೆದು ಆ ಪುಟದಲ್ಲಿದ್ದ ಒಂದು ಮನೆಯಿಂದ ಲಗ್ನಪತ್ರಿಕೆ ಬಂದಾಗ ಟ್ರಂಕಿನ ಮುಚ್ಚಳ ಮೇಲೇಳುತ್ತದೆ. "ಅವರು ನಮ್ಮ ಹುಡುಗಿ ಮದುವೆಗೆ ಎಷ್ಟು ಓದಿಸಿದ್ದರು, ನೋಡು." ಕರಾರುಪತ್ರ ಇಲ್ಲ, ವಾಯಿದೆ ಇಲ್ಲ, ಸಾಕ್ಷಿ ಇಲ್ಲ, ಕೋರ್ಟು ಕಚೇರಿ ಇಲ್ಲ. ಆದರೂ ಅಷ್ಟೇ ಮೊತ್ತ, ಅದರ ಮೇಲೆ ಒಂದಿಷ್ಟು ಸೇರಿ, ವಾಪಸು ಹೋಗಿಯೇ ಹೋಗುತ್ತದೆ!

ಹೋಗಲೇಬೇಕು ಎಂದು ಹೇಳಿದವರು ಯಾರು?

ಈ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡು ಹೊರಟರೆ ಸಮಾಜಶಾಸ್ತ್ರ ಎಂಬ ಇಡೀ ವಿದ್ಯೆಯೇ ಎದುರು ಬಂದು ನಿಲ್ಲುತ್ತದೆ. ಪಿಯುಸಿ ಪಠ್ಯದಲ್ಲಿ ವ್ಯಾಖ್ಯೆಗಳಾಗಿ, ಅಂಕಕ್ಕೆ ಬರುವ ಟಿಪ್ಪಣಿಗಳಾಗಿ ಕಂಡಿದ್ದ ಆ ವಿದ್ಯೆ ನಿಜಕ್ಕೂ ಎಂಥ ಸಾಹಸ ಎಂಬುದು ಅರ್ಥವಾದ ದಿನದಿಂದ ನನಗೆ ಯಾವ ಮದುವೆಮನೆಯೂ, ಯಾವ ಜಾತ್ರೆಯೂ, ಯಾವ ಬಸ್ ನಿಲ್ದಾಣವೂ ಮೊದಲಿನಂತೆ ಕಂಡಿಲ್ಲ.

ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1895ರಲ್ಲಿ ಒಂದು ಪುಟ್ಟ ಪುಸ್ತಕ ಬರೆದು ಧೈರ್ಯವಾಗಿ ಹೇಳಿಬಿಟ್ಟ: ಸಮಾಜ ನಮ್ಮ ತಲೆಯೊಳಗಿನ ಕಲ್ಪನೆಯಲ್ಲ, ಅದು ನಮ್ಮ ಹೊರಗಿದೆ, ನಾವು ಹುಟ್ಟುವ ಮೊದಲೇ ಇತ್ತು, ನಾವು ಮೀರಲು ಹೋದರೆ ನಮ್ಮನ್ನು ತಡೆದು ನಿಲ್ಲಿಸುತ್ತದೆ, ಆದ್ದರಿಂದ ಕಲ್ಲನ್ನೋ ಗಾಳಿಯನ್ನೋ ಪರೀಕ್ಷಿಸುವ ಹಾಗೆ ಅದನ್ನೂ ಪರೀಕ್ಷಿಸಬಹುದು! ಅದಕ್ಕೆ ಅವನಿಟ್ಟ ಹೆಸರು ಸಾಮಾಜಿಕ ಸತ್ಯಾಂಶ. ಅವನ ಸೋದರಿಯ ಮಗ ಮಾರ್ಸೆಲ್ ಮೌಸ್ 1925ರಲ್ಲಿ ಉಡುಗೊರೆಯ ಮೇಲೆಯೇ ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ಪೆಸಿಫಿಕ್ ದ್ವೀಪಗಳು, ಉತ್ತರ ಅಮೆರಿಕದ ಮೂಲನಿವಾಸಿಗಳು, ಹಳೆಯ ರೋಮ್, ಕೊನೆಗೆ ನಮ್ಮ ಧರ್ಮಶಾಸ್ತ್ರಗಳು, ಎಲ್ಲವನ್ನೂ ಜಾಲಾಡಿ ಅವನು ಕಂಡದ್ದು ಮೂರು ಕಟ್ಟುಪಾಡುಗಳನ್ನು: ಕೊಡಲೇಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಂಡದ್ದನ್ನು ಹಿಂದಿರುಗಿಸಲೇಬೇಕು. ಮಂಡ್ಯದ ಮುಯ್ಯಿ ಪುಸ್ತಕವನ್ನು ಮೌಸ್ ನೋಡಿರಲಿಲ್ಲ. ನೋಡಿದ್ದರೆ ಕುಣಿದಾಡುತ್ತಿದ್ದ! ನಮ್ಮ ರೈತರು ನಾಟಿಗೆ, ಕೊಯ್ಲಿಗೆ ಒಬ್ಬರ ಗದ್ದೆಗೆ ಒಬ್ಬರು ಹೋಗಿ ದುಡಿಯುವ ಮುಯ್ಯಾಳು ಪದ್ಧತಿಯಲ್ಲೂ ನಡೆಯುವುದು ಇದೇ. ಇವತ್ತು ನೀವು ನನ್ನ ಗದ್ದೆಗೆ, ನಾಳೆ ನಾನು ನಿಮ್ಮ ಗದ್ದೆಗೆ. ದುಡ್ಡು ಕೈ ಬದಲಾಗುವುದಿಲ್ಲ, ಋಣ ಬದಲಾಗುತ್ತದೆ, ಆ ಋಣ ಊರನ್ನು ಹೊಲಿದು ಹಿಡಿದಿರುತ್ತದೆ.

ಹೀಗೆ ಪ್ರತಿ ಆಚರಣೆಯೂ ಇಡೀ ಸಮಾಜಕ್ಕೆ ಏನು ಕೆಲಸ ಮಾಡಿಕೊಡುತ್ತಿದೆ ಎಂದು ಕೇಳುವವರು ಪ್ರಕಾರ್ಯವಾದಿಗಳು. ಈಗ ಅದೇ ನೋಟ್‌ಬುಕ್ಕನ್ನು ಕಾರ್ಲ್ ಮಾರ್ಕ್ಸ್‌ನ ದಾರಿ ಹಿಡಿದವರ ಕೈಗೆ ಕೊಡಿ. ಅವರ ಬೆರಳು ಬೇರೆಯೇ ಸಾಲಿನ ಮೇಲೆ ನಿಲ್ಲುತ್ತದೆ. ಐದು ಸಾವಿರ ಓದಿಸಿದ ಸಾಹುಕಾರರಿಗೆ ಅವರ ಗದ್ದೆಯಲ್ಲಿ ದುಡಿಯುವವನು ಏನು ಹಿಂದಿರುಗಿಸಬಲ್ಲ? ದುಡ್ಡಾಗಿ ಹಿಂದಿರುಗಿಸಲು ಆಗದ್ದನ್ನು ಅವನು ಯಾವ ರೂಪದಲ್ಲಿ ತೀರಿಸುತ್ತಾನೆ: ದುಡಿಮೆಯಾಗಿಯೋ, ಮೌನವಾಗಿಯೋ, ಓಟಾಗಿಯೋ? ಯಾರ ಹೆಸರು ಆ ಪುಸ್ತಕದಲ್ಲಿ ಬರುವುದೇ ಇಲ್ಲ? ಸಂಘರ್ಷ ಸಿದ್ಧಾಂತ ಹುಟ್ಟುವುದು ಇಂಥ ಕಡೆ. ಇನ್ನು ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿಸಿದ ಅರ್ವಿಂಗ್ ಗಾಫ್‌ಮನ್‌ನಂಥವರು ಲೆಕ್ಕವನ್ನೇ ಬಿಟ್ಟು ಮುಖಗಳನ್ನು ನೋಡುತ್ತಾರೆ. ಲಕೋಟೆಯನ್ನು ಹೇಗೆ ಚಾಚಿದರು, ಮೈಕಿನಲ್ಲಿ ಮೊತ್ತ ಕೂಗಿದಾಗ ಯಾರು ಎದೆ ಸೆಟೆದು ನಿಂತರು, ಯಾರು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದರು. ಮರ್ಯಾದೆ ಎಂಬುದು ಆ ಕ್ಷಣದಲ್ಲಿ, ಆ ನಾಲ್ಕು ಜನರ ನಡುವೆ, ಕಣ್ಣೆದುರೇ ತಯಾರಾಗುತ್ತಿದೆ!

ಒಂದೇ ನೋಟ್‌ಬುಕ್, ಮೂರು ಲೋಕ. ಮೂರೂ ನಿಜ. ಇತ್ತೀಚೆಗೆ ಲಗ್ನಪತ್ರಿಕೆಗಳ ಕೆಳಗೆ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚು ಹಾಕಿಸುತ್ತಾರಲ್ಲ, ಆ ಒಂದು ಸಾಲನ್ನೂ ಈಗ ಓದಿ ನೋಡಿ. ನಿಮ್ಮ ಋಣ ನಮಗೆ ಬೇಡ, ಅದಿಲ್ಲದೆ ಮದುವೆ ಮಾಡುವ ಶಕ್ತಿ ನಮಗಿದೆ ಎಂದು ಒಂದು ಮನೆತನ ಊರಿಗೆಲ್ಲ ವಿನಯದಿಂದಲೇ ಸಾರುತ್ತಿದೆಯೇನೋ ಎಂದು ನನಗೆ ಅನ್ನಿಸುತ್ತದೆ.

ಆದರೆ ಅನ್ನಿಸಿದರೆ ಸಾಲದು, ಅದನ್ನು ಕಂಡುಹಿಡಿಯುವುದು ಹೇಗೆ? ಮೈ ಜುಂ ಎನ್ನಿಸುವ ಕಥೆ ಇಲ್ಲಿಂದ ಶುರು. ಏಕೆಂದರೆ ಆ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮದೇ ಕಾವೇರಿ ಬಯಲಿನಲ್ಲಿ!

ಮೈಸೂರಿನ ಕಾಲೇಜು ರಸ್ತೆಯ ಒಂದು ಅಯ್ಯಂಗಾರ್ ಮನೆಯಲ್ಲಿ 1916ರ ನವೆಂಬರಿನಲ್ಲಿ ಒಬ್ಬ ಹುಡುಗ ಹುಟ್ಟಿದ. ಮನೆಯ ಹಿಂದೆ ಕೂಗಳತೆ ದೂರದಲ್ಲಿ ಬಂಡಿಕೇರಿ, ಕುರುಬರ ಕೇರಿ. ಹುಡುಗನಿಗೆ ಅದು ಇನ್ನೊಂದು ಖಂಡವೇ ಆಗಿತ್ತು. ಅಲ್ಲಿನ ಮಾತು ಬೇರೆ, ಊಟ ಬೇರೆ, ಜಗಳ ಬೇರೆ, ದೇವರು ಬೇರೆ. ಜಗತ್ತಿನ ಮಾನವಶಾಸ್ತ್ರಜ್ಞರು ಹಡಗು ಹತ್ತಿ ದೂರದ ದ್ವೀಪಗಳಿಗೆ ಹೋಗಿ ಕಾಣುತ್ತಿದ್ದ ಬೆರಗನ್ನು ಈ ಹುಡುಗ ಹಿತ್ತಲ ಬಾಗಿಲು ದಾಟಿ ಕಂಡ. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬೈನಲ್ಲಿ ಜಿ.ಎಸ್. ಘುರ್ಯೆ ಅವರ ಕೈಕೆಳಗೆ ಪಳಗಿ, ಆಕ್ಸ್‌ಫರ್ಡ್‌ಗೆ ಹೋಗಿ ರ‍್ಯಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡ್ ಅವರಿಂದ ಕಲಿತ ಆತನೇ ಎಂ.ಎನ್. ಶ್ರೀನಿವಾಸ್.

1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದು ಇಳಿದರು. ಕೊಡಗಹಳ್ಳಿ ಅದರ ನಿಜನಾಮ. ತಮ್ಮ ಬರಹದಲ್ಲಿ ಅವರು ಅದನ್ನು ರಾಮಪುರ ಎಂದು ಕರೆದರು. ಸುಮಾರು 1,500 ಜನ, ಹತ್ತೊಂಬತ್ತು ಜಾತಿ, ಜೊತೆಗೆ ಮುಸಲ್ಮಾನರು. ಪಟೇಲರು ಎತ್ತು ಕಟ್ಟುವ ತಮ್ಮ ಮನೆಯಲ್ಲೇ ಜಾಗ ಬಿಟ್ಟುಕೊಟ್ಟರು. ಸರ್ಕಾರಿ ಬಂಗಲೆಯಲ್ಲಿ ಇಳಿದು ಹಳ್ಳಿಗರನ್ನು ಕರೆಸಿ ವಿಚಾರಿಸುವ ಕಾಲ ಅದು. ಈ ಮನುಷ್ಯ ಎತ್ತುಗಳ ಪಕ್ಕದಲ್ಲಿ ಮಲಗಿ, ಜಗುಲಿಯಲ್ಲಿ ಕೂತು, ಹೋಗಿ ಬರುವವರ ಜೊತೆ ಮಾತಾಡುತ್ತ ಆ ವರ್ಷದ ಬಹುಪಾಲನ್ನು ಅಲ್ಲೇ ಕಳೆದರು! ಮನೆಮನೆ ಎಣಿಸಿದರು, ವಂಶಾವಳಿ ಬರೆದುಕೊಂಡರು, ಗದ್ದೆ ಯಾರದು, ವಾರಕ್ಕೆ ಮಾಡುವವರು ಯಾರು, ಜಗಳ ಯಾರ ಯಾರ ನಡುವೆ ಎಂದು ಗುರುತು ಮಾಡಿಕೊಂಡರು. ಅವರ ಕ್ಯಾಮೆರಾ ಊರಿನ ಬಾಯಲ್ಲಿ ಚಾಮರವಾಯಿತು. ಸಹಭಾಗಿ ಅವಲೋಕನ ಎಂದು ಪಠ್ಯಪುಸ್ತಕ ಕರೆಯುವ ವಿಧಾನದ ರಕ್ತ ಮಾಂಸ ಇದೇ.

ಒಂದು ದಿನ ಅವರು ಸ್ನಾನ ಮಾಡಿ ಆಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದುದು ಪಟೇಲರ ಕಣ್ಣಿಗೆ ಬಿತ್ತು. ಕ್ಷೌರ ಮೈಲಿಗೆ, ಅದು ಸ್ನಾನಕ್ಕೆ ಮೊದಲು ಆಗಬೇಕು, ಬ್ರಾಹ್ಮಣರಾಗಿ ಹೀಗೆ ಮಾಡಬಹುದೇ ಎಂದು ಪಟೇಲರು ಆಕ್ಷೇಪಿಸಿದರು. ಎಂಥ ಕ್ಷಣ, ಯೋಚಿಸಿ! ಆಕ್ಸ್‌ಫರ್ಡ್‌ನಿಂದ ಬಂದವರು ಊರನ್ನು ನೋಡುತ್ತಿದ್ದಾರೆ, ಊರು ಅವರನ್ನು ನೋಡುತ್ತಿದೆ. ಬ್ರಾಹ್ಮಣ ಎಂದರೆ ಹೀಗಿರಬೇಕು ಎಂದು ಒಕ್ಕಲಿಗ ಪಟೇಲರು ಬ್ರಾಹ್ಮಣನಿಗೇ ಹೇಳಿಕೊಡುತ್ತಿದ್ದಾರೆ. ಜಾತಿಯ ನಿಯಮ ಒಬ್ಬರ ಮನಸ್ಸಿನಲ್ಲಿ ಇರುವುದಿಲ್ಲ, ಅದನ್ನು ಎಲ್ಲರೂ ಸೇರಿ ಕಾವಲು ಕಾಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಪ್ರಶ್ನಾವಳಿಯಿಂದ ಸಿಕ್ಕೀತು?

ಆ ಜಗುಲಿಯಿಂದ ಕಂಡದ್ದು ಪುಸ್ತಕದ ಜಾತಿಯನ್ನೇ ತಲೆಕೆಳಗು ಮಾಡಿತು. ಪುಸ್ತಕದಲ್ಲಿ ನಾಲ್ಕು ವರ್ಣ, ಮೇಲೆ ಬ್ರಾಹ್ಮಣ, ಕೆಳಗೆ ಶೂದ್ರ. ರಾಮಪುರದಲ್ಲಿ ಜನಸಂಖ್ಯೆಯ ಹೆಚ್ಚುಕಡಿಮೆ ಅರ್ಧದಷ್ಟಿದ್ದ, ಭೂಮಿಯ ದೊಡ್ಡ ಪಾಲು ಕೈಲಿದ್ದ ಒಕ್ಕಲಿಗರ ಮಾತೇ ಮಾತು. ಬೇರೆ ಜಾತಿಗಳ ಒಳಜಗಳ ಕೂಡ ಅವರ ಹಿರಿಯರ ಮುಂದೆ ತೀರ್ಮಾನವಾಗುತ್ತಿತ್ತು. ಮಡಿಯ ಏಣಿಯಲ್ಲಿ ಮೇಲಿದ್ದ ಪೂಜಾರಿ ಬದುಕಿಗೆ ಕೆಳಗಿನವರ ಮುಖ ನೋಡಬೇಕಿತ್ತು. ಇದನ್ನು ಶ್ರೀನಿವಾಸ್ ಪ್ರಬಲ ಜಾತಿ ಎಂದು ಕರೆದರು. 1959ರಲ್ಲಿ ಆ ಹೆಸರಿನ ಲೇಖನ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂತು. ಇಂದು ಚುನಾವಣೆ ಬಂತೆಂದರೆ ಟೀ ಅಂಗಡಿಯಲ್ಲಿ ಕೂತವರೆಲ್ಲ ಹೇಳುವ ವೋಟ್ ಬ್ಯಾಂಕ್ ಎಂಬ ಮಾತನ್ನು ಬರಹಕ್ಕೆ ತಂದವರೂ ಇವರೇ, ಇದೇ ಹಳ್ಳಿಯ ಮೇಲೆ 1955ರಲ್ಲಿ ಬರೆದ ಲೇಖನದಲ್ಲಿ!

ಅದಕ್ಕೂ ಮೊದಲು, 1952ರಲ್ಲಿ, ಕೊಡವರ ಮೇಲಿನ ಅವರ ಪುಸ್ತಕ ಬಂದಿತ್ತು. ಒಕ್ಕ ಎಂಬ ಮನೆತನ, ಐನ್‌ಮನೆ ಎಂಬ ಪೂರ್ವಿಕರ ಮನೆ, ಹುತ್ತರಿ ಹಬ್ಬ, ಮಡಿ ಮೈಲಿಗೆ, ಇವೆಲ್ಲ ಸೇರಿ ಒಂದು ಜನಾಂಗವನ್ನು ಹೇಗೆ ಕಟ್ಟುತ್ತವೆ ಎಂದು ತೋರಿಸಿದ ಪುಸ್ತಕ. ಮಾಂಸ ಮದ್ಯ ಬಿಟ್ಟು ಜನಿವಾರ ಹಾಕಿಕೊಂಡ ಅಮ್ಮ ಕೊಡವರ ಉದಾಹರಣೆ ಅದರಲ್ಲಿದೆ. ಜಾತಿ ಅಲ್ಲಾಡದ ಬಂಡೆ ಎಂದು ಲೋಕವೆಲ್ಲ ನಂಬಿದ್ದಾಗ ಶ್ರೀನಿವಾಸ್ ಕಂಡುಕೊಂಡದ್ದು ಅದರೊಳಗಿನ ಚಲನೆ. ಮೇಲಿನವರ ಆಚಾರ ಅನುಕರಿಸಿ, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವ ಚಲನೆ. ಅದೇ ಸಂಸ್ಕೃತೀಕರಣ.

ಇಲ್ಲಿ ಒಂದು ಕಾಕತಾಳೀಯ ನನ್ನನ್ನು ಬಿಡದೆ ಕಾಡುತ್ತದೆ. ಶ್ರೀನಿವಾಸ್ ಹುಟ್ಟಿದ ಅದೇ 1916ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರ ಸಂಕಿರಣವೊಂದರಲ್ಲಿ ಇಪ್ಪತ್ತೈದರ ಹರೆಯದ ವಿದ್ಯಾರ್ಥಿಯೊಬ್ಬ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದ. ಭೀಮರಾವ್ ಅಂಬೇಡ್ಕರ್! ಜಾತಿಯ ಮರ್ಮ ಇರುವುದು ಒಳಮದುವೆಯಲ್ಲಿ, ಒಂದು ಗುಂಪು ಬಾಗಿಲು ಮುಚ್ಚಿಕೊಂಡಿತು, ಉಳಿದವರು ಅದನ್ನು ಅನುಕರಿಸಿದರು ಎಂದು ಅವರು ಆಗಲೇ ವಾದಿಸಿದ್ದರು. ಅನುಕರಣೆ ಹೇಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂದು ಹೇಳಲು ಫ್ರೆಂಚ್ ಚಿಂತಕ ಗೇಬ್ರಿಯಲ್ ಟಾರ್ಡ್‌ನನ್ನು ಆಧಾರವಾಗಿ ತಂದಿದ್ದರು. ಸಂಸ್ಕೃತೀಕರಣಕ್ಕೆ ಎಷ್ಟು ಹತ್ತಿರ! ಆದರೆ ಅಂಬೇಡ್ಕರ್ ನಿಂತು ನೋಡಿದ ಜಾಗ ಬೇರೆ, ಮುಚ್ಚಿದ ಬಾಗಿಲಿನ ಹೊರಗೆ. ಪಟೇಲರ ಜಗುಲಿಯಿಂದ ಹೊಲೆಗೇರಿಯ ಬದುಕು ಪೂರ್ತಿ ಕಾಣುವುದಿಲ್ಲ. ಪಟೇಲರ ಅತಿಥಿಯಾಗಿ, ಬ್ರಾಹ್ಮಣನಾಗಿ ತಾನು ಎಲ್ಲ ಕೇರಿಗೂ ಸರಾಗವಾಗಿ ಹೋಗಲಾಗಲಿಲ್ಲ ಎಂದು ಶ್ರೀನಿವಾಸ್ ತಾವೇ ಬರೆದಿದ್ದಾರೆ. ಎಲ್ಲಿ ಕೂತು ನೋಡಿದೆ ಎಂದು ಹೇಳುವುದೂ ಸಂಶೋಧನೆಯ ಭಾಗ ಎಂಬುದನ್ನು ಈ ವಿದ್ಯೆ ಇಂಥ ಪುಟಗಳಿಂದಲೇ ಕಲಿತದ್ದು.

ನೋಡುವವನಿಂದ ನೋಟವೇ ಬದಲಾಗುವುದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ: 1901ರ ಜನಗಣತಿಯಲ್ಲಿ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟ. ಬರೀ ಎಣಿಕೆ ಎಂದುಕೊಂಡಿದ್ದ. ದೇಶದ ಮೂಲೆಮೂಲೆಯಿಂದ ಅರ್ಜಿಗಳ ಸುರಿಮಳೆ! ನಾವು ಇಂಥ ವರ್ಣದವರು, ನಮ್ಮನ್ನು ಮೇಲೆ ಬರೆಯಿರಿ. ಜಾತಿ ಸಂಘಗಳು ಚುರುಕಾದವು, ಹೊಸ ಹೆಸರುಗಳು ಬಂದವು. ಅಳತೆಗೋಲು ಮುಟ್ಟಿದ ಕೂಡಲೇ ಅಳೆಯುತ್ತಿದ್ದ ವಸ್ತು ಎದ್ದು ನಡೆಯತೊಡಗಿತು. ಕಲ್ಲನ್ನು ತೂಗುವವರಿಗೆ ಇಂಥ ಅನುಭವ ಎಂದೂ ಆಗಲಾರದು.

ಶ್ರೀನಿವಾಸ್ ಅವರಿಗೆ ಬಂದದ್ದು ಬೇರೆಯದೇ ಆಪತ್ತು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ಕೇಂದ್ರವೊಂದರಲ್ಲಿ ಕೂತು ರಾಮಪುರದ ಪುಸ್ತಕ ಬರೆಯಲು ಸಿದ್ಧರಾಗಿದ್ದರು. ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಇಟ್ಟರು. ಹದಿನೆಂಟು ವರ್ಷ ತಿದ್ದಿ ತೀಡಿ ವಿಂಗಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅವರ ಕೋಣೆಯಲ್ಲೇ ಇದ್ದವು. ನೆನಪಿನಿಂದಲೇ ಬರೆಯಿರಿ ಎಂದು ಸಾಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಧೈರ್ಯ ತುಂಬಿದರು. ಬರೆದರು! 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು. ಕೋಷ್ಟಕಗಳು ಹೋಗಿ ಮನುಷ್ಯರು ಉಳಿದ ಪುಸ್ತಕ. ಸಮಾಜಶಾಸ್ತ್ರದ ಕೃತಿಯಲ್ಲಿ ಅಷ್ಟು ಬಿಸಿಯುಸಿರು ಇರುವುದು ಅಪರೂಪ.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದಲ್ಲ. ಒಂದು ಹಳ್ಳಿಯನ್ನು ಎಷ್ಟೇ ಆಳವಾಗಿ ನೋಡಿದರೂ, ಇಂಥದ್ದರಿಂದಲೇ ಇಂಥದ್ದಾಯಿತು ಎಂದು ಹೇಳುವುದು ಹೇಗೆ? ಪ್ರಯೋಗಶಾಲೆಯಲ್ಲಿ ಎರಡು ಪಾತ್ರೆ ಇಟ್ಟು ಒಂದಕ್ಕೆ ಮಾತ್ರ ಔಷಧಿ ಹಾಕಿ ನೋಡಬಹುದು. ಎರಡು ಊರನ್ನು ಹಾಗೆ ಇಡಲು ಸಾಧ್ಯವೇ?

ಮಂಡ್ಯದಲ್ಲಿ ಇತಿಹಾಸವೇ ಇಟ್ಟಿತ್ತು! ಕೃಷ್ಣರಾಜಸಾಗರದಿಂದ ಹೊರಟ ನಾಲೆ 1930ರ ದಶಕದಲ್ಲಿ ಆ ಒಣಭೂಮಿಗೆ ನೀರು ತಂದಿತು, ಅದರ ಬೆನ್ನಲ್ಲೇ ಸಕ್ಕರೆ ಕಾರ್ಖಾನೆ. ಕೆಲವು ಊರುಗಳ ಹೊಲಕ್ಕೆ ನೀರು ಹತ್ತಿತು. ನಾಲೆಗಿಂತ ಎತ್ತರದಲ್ಲಿದ್ದ ಕೆಲವು ಊರುಗಳು ಮಾತ್ರ ಸುತ್ತಲಿನ ಹಸಿರು ನೋಡುತ್ತ ಒಣಗಿಯೇ ಉಳಿದವು. 1954ರಲ್ಲಿ ಇಲ್ಲಿಗೆ ಬಂದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ 1922ರಲ್ಲಿ ಹುಟ್ಟಿದ ಯಹೂದಿ ಹುಡುಗಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರ್‌ನಲ್ಲಿ ಓದಿದ ಅರ್ಥಶಾಸ್ತ್ರಜ್ಞೆ. ಅವರು ಎರಡು ಊರು ಆರಿಸಿಕೊಂಡರು. ಪುಸ್ತಕದಲ್ಲಿ ಅವುಗಳ ಹೆಸರು ವಾಂಗಲ ಮತ್ತು ದಲೇನ, ಎರಡೂ ಗುಪ್ತನಾಮ. ಎರಡರಲ್ಲೂ ಒಕ್ಕಲಿಗರೇ ಹೆಚ್ಚು, ಎರಡಕ್ಕೂ ಮಂಡ್ಯ ಪೇಟೆ ಹತ್ತಿರ, ಭಾಷೆ, ಪದ್ಧತಿ ಎಲ್ಲ ಒಂದೇ. ವಾಂಗಲಕ್ಕೆ ನೀರು ಬಂತು. ದಲೇನಕ್ಕೆ ಬರಲಿಲ್ಲ. ಎರಡು ವರ್ಷ ಅವರು ಮನೆಮನೆಯ ಆದಾಯ ಖರ್ಚು, ಕೂಲಿ, ಸಾಲ ಬರೆದುಕೊಂಡರು. ಎಣಿಕೆ, ಒಡನಾಟ ಎರಡೂ ಜೊತೆಜೊತೆಯಾಗಿ.

ಈಗ ಊಹಿಸಿ. ಯಾವ ಊರು ಹೆಚ್ಚು ಬದಲಾಗಿರಬೇಕು? ನೀರು ಬಂದ ಊರು ತಾನೇ, ಕಬ್ಬಿನ ದುಡ್ಡು ಹರಿದ ಊರು ತಾನೇ?

ಅಲ್ಲ! ವಾಂಗಲ ಶ್ರೀಮಂತವಾಯಿತು, ಆದರೆ ಹಳೆಯ ವಾಂಗಲವಾಗಿಯೇ ಉಳಿಯಿತು. ರಾಗಿ ಬೆಳೆಯುತ್ತಿದ್ದವರು ಕಬ್ಬು, ಭತ್ತ ಬೆಳೆದರು, ಆದರೆ ರೈತರಾಗಿಯೇ ಬೆಳೆದರು. ದುಡಿಮೆಗೆ ಹೆಚ್ಚು ಆಳು ಬೇಕಾಯಿತು, ಹಾಗಾಗಿ ತಲೆಮಾರಿನಿಂದ ಬಂದ ಒಕ್ಕಲಿಗ ಮತ್ತು ಆದಿಕರ್ನಾಟಕರ ನಡುವಿನ ದುಡಿಮೆಯ ಸಂಬಂಧ ಮುಂದುವರಿಯಿತು. ವಂಶಪಾರಂಪರ್ಯದ ಯಜಮಾನರ ಮಾತು ನಡೆಯಿತು. ಬಂದ ದುಡ್ಡು ಹಳೆಯ ಕಟ್ಟಡಕ್ಕೇ ಗಾರೆಯಾಯಿತು. ನೀರು ಹತ್ತದ ದಲೇನದವರಿಗೆ ಊರಲ್ಲಿ ಕೂತರೆ ಬದುಕಿಲ್ಲ. ಅವರು ಗಾಡಿ ಕಟ್ಟಿ ಬೇರೆಯವರ ಕಬ್ಬು ಸಾಗಿಸಿದರು, ಕಾರ್ಖಾನೆಗೆ, ಮಂಡ್ಯದ ಕಚೇರಿಗಳಿಗೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕೆ ಇಳಿದರು, ಪಕ್ಕದ ಊರಿನ ಗದ್ದೆ ಕೊಂಡರು. ಹೊರಗಿನ ಸಂಪರ್ಕ ಇದ್ದವನಿಗೆ ಮರ್ಯಾದೆ ಬಂತು, ಮನೆತನದ ಹಿರಿಮೆ ಹಿಂದೆ ಸರಿಯಿತು. ಒಣ ಹೊಲಕ್ಕೆ ತಲೆಮಾರಿನ ಆಳು ಏಕೆ? ಆ ಹಳೆಯ ಕಟ್ಟು ಕಳಚಿಬಿತ್ತು. ನಾಲೆಯ ಒಂದು ಹನಿ ನೀರೂ ತಾಕದ ಊರನ್ನು ನಾಲೆಯೇ ಬುಡಮೇಲು ಮಾಡಿತ್ತು!

ಅಭಿವೃದ್ಧಿ ಬಂದರೆ ಸಮಾಜ ತಾನಾಗಿ ಬದಲಾಗುತ್ತದೆ ಎಂದು ದೊಡ್ಡ ದೊಡ್ಡವರು ಯೋಜನೆ ಹಾಕುತ್ತಿದ್ದ ಕಾಲದಲ್ಲಿ, 1962ರಲ್ಲಿ, ಎಪ್‌ಸ್ಟೈನ್ ಅವರ ಈ ಪುಸ್ತಕ ಪ್ರಕಟವಾಯಿತು. ಹೊಸ ಸಂಪಾದನೆ ಹಳೆಯ ವ್ಯವಸ್ಥೆಯೊಳಗೆ ಹೊಂದಿ ಕೂತರೆ ವ್ಯವಸ್ಥೆ ಇನ್ನಷ್ಟು ಗಟ್ಟಿಯಾಗುತ್ತದೆ, ಹೊಂದದಿದ್ದರೆ ಮಾತ್ರ ಬಿರುಕು. ಒಂದೇ ಊರು ನೋಡಿದ್ದರೆ ಇದು ಎಂದಿಗೂ ಹೊಳೆಯುತ್ತಿರಲಿಲ್ಲ. ಹೋಲಿಕೆಯ ವಿಧಾನದ ಈ ಶಕ್ತಿಯನ್ನು ನೆನೆದರೆ ಇವತ್ತಿಗೂ ನನಗೆ ರೋಮಾಂಚನವಾಗುತ್ತದೆ.

ಎಪ್‌ಸ್ಟೈನ್ ಅಷ್ಟಕ್ಕೆ ಬಿಡಲಿಲ್ಲ. 1970ರಲ್ಲಿ ಮತ್ತೆ ಬಂದರು, 1973ರಲ್ಲಿ ಇನ್ನೊಂದು ಪುಸ್ತಕ. ಮುಂದೆ 1998ರಲ್ಲಿ, ನಲವತ್ತು ವರ್ಷದ ಬದಲಾವಣೆಯನ್ನು ಹಿಡಿದಿಟ್ಟ ಪುಸ್ತಕವನ್ನು ಅವರು ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅವರ ಜೊತೆ ಸೇರಿ ಬರೆದರು. ಮರಳಿ ಬಂದಾಗ ಕಂಡ ಒಂದು ಸಂಗತಿ ನಮ್ಮ ಎಷ್ಟೋ ಮನೆಗಳ ಕಥೆ. ಅವಿಭಕ್ತ ಕುಟುಂಬ ಒಡೆಯಿತು ಎಂದು ಎಲ್ಲರೂ ಬರೆಯುತ್ತಿದ್ದಾಗ ಅವರು ಪತ್ತೆ ಮಾಡಿದ್ದು ಹೊಸ ಬಗೆಯ ಕುಟುಂಬವನ್ನು: ಒಲೆ ಬೇರೆ, ಸೂರು ಬೇರೆ, ಊರೇ ಬೇರೆ, ಆದರೆ ಆದಾಯ ಖರ್ಚು ಹಂಚಿಕೆ. ಅದಕ್ಕೆ ಅವರು ಹಂಚಿಕೆಯ ಕುಟುಂಬ ಎಂಬ ಅರ್ಥದ ಹೆಸರಿಟ್ಟರು. ಜನಗಣತಿಯ ಫಾರಂನಲ್ಲಿ ಅದು ಎರಡು ಮನೆ. ಯಾವ ಅಂಕಣದಲ್ಲೂ ಅದು ಒಂದೇ ಎಂದು ಬರೆಯುವ ಜಾಗವಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ತಮ್ಮ ಅಣ್ಣನ ಮಗಳ ಫೀಸು ಕಟ್ಟುತ್ತಾನೆ. ಸುಗ್ಗಿ ಮುಗಿದ ಮೇಲೆ ಊರಿನ ಅಣ್ಣ ರಾಗಿ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿ, ಕಂಡಕ್ಟರ್‌ಗೆ ಹೇಳಿ, ತಮ್ಮನಿಗೆ ಫೋನು ಮಾಡುತ್ತಾನೆ.